ಹಸೆಯ ಕೆಳಗಿನ ಸಾಲು

ಶ್ರೀ ಚೌಡಮ್ಮ ತಾಯಿ ಕಾಪಾಡಲಿ

ರಿಪ್ಪನ್‌ಪೇಟೆ
೧೪ ಫೆಬ್ರವರಿ ೨೦೨೫

ಅಕ್ಕನಿಗೆ ನಮಸ್ಕಾರ.

ಫೋನು ಇರುವ ಕಾಲದಲ್ಲಿ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂದುಕೊಳ್ಳಬೇಡ. ಮೇಗರವಳ್ಳಿಯ ನಿಮ್ಮ ಮನೆ ಹತ್ತಿರ ಸಿಗ್ನಲ್ ಇಲ್ಲ. ನಿನ್ನ ಮಗ ಗಣೇಶ ಪೇಟೆಗೆ ಬಂದಾಗ ಎರಡು ಸಲ ಫೋನಿಗೆ ಸಿಕ್ಕಿದ. ಎರಡು ಸಲವೂ, "ಅಮ್ಮಂಗೆ ಹೇಳ್ತೀನಿ ಚಿಕ್ಕಮ್ಮ, ಅವ್ರೇ ಮಾಡ್ತಾರೆ" ಅಂದ. ನೀನು ಮಾಡಲಿಲ್ಲ. ಕಾಗದವಾದರೆ ನಿನ್ನ ಕೈಗೇ ಸೇರುತ್ತದೆ ಅಂತ ಬರೆಯುತ್ತಿದ್ದೇನೆ.

ಸ್ವಪ್ನಾಳ ಮದುವೆ ನಿಶ್ಚಯವಾಯಿತು. ಹುಡುಗ ಸಾಗರದವನು, ನಿರಂಜನ ಅಂತ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಮಾತು ಕಡಿಮೆ, ಕಣ್ಣಲ್ಲಿ ಸಜ್ಜನಿಕೆ ಇದೆ. ಮದುವೆ ಮೇ ಮೊದಲ ವಾರ, ನಮ್ಮ ಮನೆಯಲ್ಲೇ. ಮೊದಲಿನ ಸಂಬಂಧ ವೀಳ್ಯ ಬದಲಾಯಿಸಿದ ಮೇಲೆ ಮುರಿದುಬಿದ್ದದ್ದು ನಿನಗೆ ಗೊತ್ತಿದೆ. ಅಂದಿನಿಂದ ಬಾಗಿಲು ಜೋರಾಗಿ ಬಡಿದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಈ ಸಲ ಒಂದು ಶಾಸ್ತ್ರವೂ ಕುಂದಬಾರದು ಅಂತ ತಾಯಿಯ ಮುಂದೆ ಹರಕೆ ಹೊತ್ತಿದ್ದೇನೆ.

ಹುಡುಗನ ಅಜ್ಜಿ ಕೆರಿಯಮ್ಮ ಅಂತ ಒಬ್ಬರಿದ್ದಾರೆ. ಆ ಮನೆಯಲ್ಲಿ ಅವರ ಮಾತೇ ಮಾತು. ಮನೆ ನೋಡಲು ಬಂದವರು ನಮ್ಮ ನಡುಮನೆಯ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಲ್ಲಿ ಹಸೆ ಬರಿತೀರೋ, ಇಲ್ಲ ಈಗಿನವ್ರ ಹಂಗೆ ಸ್ಟಿಕ್ಕರ್ ಅಂಟಿಸ್ತೀರೋ?" ಅಂದರು. ನನಗೆ ಎಲ್ಲಿತ್ತೋ ಜಂಬ, "ನಮ್ಮ ಅಮ್ಮನ ಹಸೆನೇ ಬರಿತೀವಿ" ಅಂದುಬಿಟ್ಟೆ.

ಆದರೆ ನನಗೆ ಬರೆಯಲು ಎಲ್ಲಿ ಬರುತ್ತದೆ? ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಅಮ್ಮ ಎಳೆ ಎಳೆಯುತ್ತಿದ್ದಾಗ ನಾನು ಶಾಲೆಯಲ್ಲಿದ್ದೆ. ಪಕ್ಕದಲ್ಲಿ ನಿಂತು ಕಲಿತವಳು ನೀನು. ತಾಳಗುಪ್ಪದ ಮನೆಯ ಗೋಡೆಗೆ ತಮ್ಮ ಹೂವಪ್ಪ ಟೈಲ್ಸ್ ಹಾಕಿಸಿದ, ನೋಡಿ ಬರೆಯೋಣವೆಂದರೆ ಅದೂ ಇಲ್ಲ.

ನೀನು ಬಂದು ಬರೆಯಬೇಕು ಅಂತ ನಾನು ಕೇಳುತ್ತಿಲ್ಲ ಅಕ್ಕ. ಹೇಗೆ ಅಂತ ಬರೆದು ತಿಳಿಸಿದರೆ ಸಾಕು. ಎಲ್ಲಿಂದ ಶುರು ಮಾಡಬೇಕು, ಸುತ್ತಿನ ಎಳೆ ಎಷ್ಟು ದಪ್ಪ, ನಡುವೆ ಮದುಮಕ್ಕಳ ಜೋಡಿ ಯಾವಾಗ ಬರೆಯಬೇಕು. ಮದುವೆಗೆ ಬಾ ಅಂತ ಬೇರೆ ಕರೆಯಬೇಕಾ? ಇವರು ಲಗ್ನಪತ್ರಿಕೆ ಹಿಡಿದು ಬರುತ್ತಾರೆ.

ನಿನ್ನ ತಂಗಿ
ಶ್ಯಾಮಲಾ


ಮೇಗರವಳ್ಳಿ
೩ ಮಾರ್ಚ್ ೨೦೨೫

ಶ್ಯಾಮಲಾ,

ನಿನ್ನ ಕಾಗದ ಬಂದು ದಿನವಾಯಿತು. ಸ್ವಪ್ನಾಳ ಸುದ್ದಿ ಕೇಳಿ ದೇವರ ಮುಂದೆ ಒಂದು ಹೆಚ್ಚಿನ ದೀಪ ಹಚ್ಚಿದೆ.

ಹಸೆ ಕಾಗದದಲ್ಲಿ ಹೇಳಿಕೊಡುವಂಥದ್ದಲ್ಲ. ಕೈ ನೋಡಿ ಕೈ ಕಲಿಯಬೇಕು. ನನ್ನ ಕೈ ಮದುವೆ ಮನೆಯ ಗೋಡೆ ಹತ್ತಿರ ಬರಬಾರದು ಅಂತ ಆರು ವರ್ಷದ ಹಿಂದೆ, ನಿಮ್ಮ ಭಾವ ಕನ್ನಪ್ಪ ತೀರಿಕೊಂಡ ವರ್ಷವೇ ತೀರ್ಮಾನವಾಗಿದೆ. ಹೂವಪ್ಪನ ಮಗ ಪೂರ್ಣೇಶನ ಮದುವೆಯಲ್ಲಿ ಒಂದು ಎಳೆ ಸೊಟ್ಟಗಿತ್ತು ಅಂತ ನಾನು ಕುಂಚ ಹಿಡಿದೆ. "ಅತ್ತಿಗೆ, ನೀವು ಮುಟ್ಬೇಡಿ" ಅಂತ ಹೂವಪ್ಪನ ಹೆಂಡತಿ ನನ್ನ ಕೈಯಿಂದ ಕುಂಚ ತೆಗೆದುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಹೊರಗಿಂದ ಬಂದವಳು. ನೀನು ಪಕ್ಕದಲ್ಲೇ ನಿಂತು ಬಾಳೆಎಲೆ ಒರೆಸುತ್ತಿದ್ದೆ.

ಯಾರಾದರೂ ಮುತ್ತೈದೆಯನ್ನು ಹುಡುಕು. ಸಾಗರದ ಕಡೆ ಬರೆಯುವವರು ಇನ್ನೂ ಇದ್ದಾರೆ. ಸ್ವಪ್ನಾಳಿಗೆ ಒಳ್ಳೆಯದಾಗಲಿ.

ಮೀನಾಕ್ಷಿ


ಶ್ರೀ ಚೌಡಮ್ಮ ತಾಯಿ ಕಾಪಾಡಲಿ

ರಿಪ್ಪನ್‌ಪೇಟೆ
೧೨ ಮಾರ್ಚ್ ೨೦೨೫

ಅಕ್ಕನಿಗೆ,

ನಿನ್ನ ಕಾಗದ ಓದಿದೆ. ಆಮೇಲೆ ಇನ್ನೊಂದು ಸಲ ಓದಿದೆ.

ಹಸೆಗೆ ತಾಯಿಯೇ ದಾರಿ ತೋರಿಸಿದಳು ಅಂತ ಕಾಣುತ್ತದೆ. ಸಾಗರದ ಕಡೆ ಇಬ್ಬರನ್ನು ಕೇಳಿದೆವು. ಒಬ್ಬರಿಗೆ ಕೈ ನಡುಕ, ಇನ್ನೊಬ್ಬರಿಗೆ ಆ ವಾರವೆಲ್ಲ ಬೇರೆ ಮದುವೆ. ಕೊನೆಗೆ ಫೋನಿಗೆ ಬಾಯಿ ಇಟ್ಟು "ಹಸೆ ಚಿತ್ತಾರ" ಅಂದೆ. ಅಬ್ಬಾ, ಎಷ್ಟು ಗೋಡೆಗಳು! ನೋಡುತ್ತಾ ನೋಡುತ್ತಾ ಒಂದು ಕಡೆ ಕೈ ನಿಂತುಹೋಯಿತು. ಅಮ್ಮನದೇ ಹಸೆ ಅಕ್ಕ! ಸುತ್ತಿನ ಎಳೆ, ಮೂಲೆಯ ಹೂವು, ಎಲ್ಲ ಅಮ್ಮನದೇ. ಯಾರೋ ತಾಳಗುಪ್ಪದ ಮನೆಗೆ ಬಂದವರು ಹಳೆಯ ಕಾಲದಲ್ಲಿ ಫೋಟೋ ಹೊಡೆದಿರಬೇಕು. ಇಡೀ ಗೋಡೆಯದು ಒಂದು, ಹತ್ತಿರದಿಂದ ತೆಗೆದವು ನಾಲ್ಕು. ಕೈ ಮುಗಿದು ಅತ್ತುಬಿಟ್ಟೆ.

ನಮ್ಮ ಮಹಿಳಾ ಸಂಘದ ಕಾಗದಪತ್ರ ಕಳಿಸಿ ಕಳಿಸಿ ನನಗೆ ಪಿಡಿಎಫ್ ಮಾಡುವುದು ಅಭ್ಯಾಸವಾಗಿದೆ. ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದರೆ ಅದು ನಮ್ಮ ಫೋನಿಗೆ ಇಳಿಯುತ್ತದೆ. ಇಳಿದವನ್ನೆಲ್ಲ ಇನ್ನೊಂದು ವೆಬ್‌ಸೈಟಿಗೆ ಹಾಕಿದರೆ ಪುಟಪುಟವಾಗಿ ಜೋಡಿಸಿ ಪುಸ್ತಕದ ಹಾಗೆ ಕೊಡುತ್ತದೆ. ಮೊದಲ ಸಲ ಮೂಲೆಯ ಹೂವು ಮುಂದಕ್ಕೆ ಬಂದು, ಮದುಮಕ್ಕಳ ಜೋಡಿ ಕೊನೆಯ ಪುಟಕ್ಕೆ ಹೋಯಿತು. ಅಪಶಕುನ ಅನ್ನಿಸಿ ಅಳಿಸಿ, ಪುಟಗಳನ್ನು ಬೆರಳಲ್ಲಿ ಎಳೆದೆಳೆದು ಸರಿಮಾಡಿದೆ. ಒಂದೊಂದು ಚಿತ್ರದ ಕೆಳಗೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಎಂಥದೋ ಒಂದು ಸಾಲಿತ್ತು. ಅಂಗಡಿಯವರ ಜಾಹೀರಾತು ಇರಬೇಕು. ದೇವರ ಗೋಡೆಯ ಕೆಳಗೆ ಅಂಗಡಿ ಹೆಸರು ಯಾಕೆ ಅಂತ ಅದಿಷ್ಟನ್ನೂ ಕತ್ತರಿಸಿ ತೆಗೆದೆ. ಈಗ ಮಡಿಯಾಗಿದೆ.

ಸಂಘದ ಗುಂಪಿಗೆ ಕಳಿಸಿದ್ದೇ ತಡ, ಹೆಂಗಸರೆಲ್ಲ ಕೈ ಮುಗಿಯುವ ಗುರುತು ಹಾಕಿದ್ದೇ ಹಾಕಿದ್ದು. ಕೋಣಂದೂರಿನ ಸಂಘದ ಚೈತನ್ಯಾ, "ನಮಗೂ ಕಳ್ಸಿ ಅಕ್ಕಾ" ಅಂದಳು, ಕಳಿಸಿದೆ. ಫ್ಲೆಕ್ಸ್ ಅಂಗಡಿಯ ಬಾಲು ಗೊತ್ತಲ್ಲ, ಇವರ ಅಕ್ಕನ ಮಗ. "ಅತ್ತೆ, ಪಿಡಿಎಫ್ ಇದ್ಮೇಲೆ ಬರಿಯೋದ್ ಎಂತಕ್ಕೆ? ಗೋಡೆ ಅಳತೆ ಕೊಡಿ, ಹಂಗೇ ಫ್ಲೆಕ್ಸ್ ಹೊಡ್ದು ಕಟ್ತೀನಿ" ಅಂದ. "ನನ್ ಮಗ್ಳು ಎಲೆಕ್ಷನ್ನಿಗೆ ನಿಂತಿಲ್ಲ ಕಣೋ" ಅಂದೆ.

ಪ್ರಿಂಟ್ ತೆಗೆಸಿ ಇದರ ಜೊತೆ ಇಟ್ಟಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ನೋಡಿ ತಿಳಿಸು. ನೋಡುವುದರಲ್ಲಿ ಏನೂ ಅಡ್ಡಿ ಇಲ್ಲವಲ್ಲ.

ನಿನ್ನ
ಶ್ಯಾಮಲಾ


ಶ್ರೀ ಚೌಡಮ್ಮ ತಾಯಿ ಕಾಪಾಡಲಿ

ರಿಪ್ಪನ್‌ಪೇಟೆ
೨೮ ಮಾರ್ಚ್ ೨೦೨೫

ಅಕ್ಕಾ,

ಪ್ರಿಂಟ್ ಸೇರಿತೋ ಇಲ್ಲವೋ? ನಿನ್ನಿಂದ ಒಂದಕ್ಷರ ಇಲ್ಲ.

ಗೋಡೆಗೆ ಕೆಮ್ಮಣ್ಣು ಬಳಿದು ಸುತ್ತಿನ ಎಳೆ ಶುರು ಮಾಡಿದೆವು. ಯುಗಾದಿ ನಾಡಿದ್ದು, ಅಷ್ಟರಲ್ಲಿ ಒಂದು ಬದಿಯಾದರೂ ಮುಗಿಯಲಿ ಅಂತ. ಪುಂಡಿನಾರಿನ ಕುಂಚ ನನ್ನ ಮಾತು ಕೇಳುವುದಿಲ್ಲ. ಸ್ವಪ್ನಾ ತೀರ್ಥಹಳ್ಳಿಯ ಲ್ಯಾಬಿನಲ್ಲಿ ಹಗಲೆಲ್ಲ ರಕ್ತ ಪರೀಕ್ಷೆ ಮಾಡಿ ಬಂದು, ಸಂಜೆ ಪ್ರಿಂಟ್ ಹಿಡಿದು ನನಗೆ ಹೇಳುತ್ತಾಳೆ. "ಅಮ್ಮಾ, ಇಲ್ಲಿ ಏಳು ಎಳೆ ಐತೆ, ನಿಂದು ಆರೇ" ಅಂತ. ಅಳಿಸುವುದು, ಎಳೆಯುವುದು.

ಒಂದು ಕಡೆ ಮಾತ್ರ ನಮಗೆ ಅರ್ಥವಾಗಲಿಲ್ಲ. ಎಡಗಡೆ ಕೆಳಗೆ ಎಳೆಗಳೆಲ್ಲ ಒಂದು ಚೌಕ ಜಾಗ ಬಿಟ್ಟು ಬಳಸಿಕೊಂಡು ಹೋಗಿವೆ. ಅಮ್ಮನ ಹಸೆಯಲ್ಲಿ ಅದನ್ನು ನೋಡಿದ ನೆನಪು ನನಗಿಲ್ಲ. ದೇವರ ಜಾಗ ಇರಬೇಕು ಅಂತ ನಾವೂ ಹಾಗೇ ಬಿಟ್ಟು, ದಿನಾ ಅಲ್ಲಿ ಕುಂಕುಮ ಇಟ್ಟು ಕೈ ಮುಗಿದು ಶುರು ಮಾಡುತ್ತೇವೆ. ಅದು ಎಂತದು ಅಕ್ಕ? ಅಲ್ಲಿ ಏನಾದರೂ ಬರೆಯಬೇಕಾ?

ಮೊನ್ನೆ ನಿರಂಜನ ಬೈಕಿಂದ ಬಿದ್ದ. ಮಂಡಿ ತರಚಿದೆ, ಅಷ್ಟೇ. "ಸಣ್ಣದ್ರಲ್ಲಿ ಹೋತು ಬಿಡು" ಅಂತ ಕೆರಿಯಮ್ಮ ಫೋನಿನಲ್ಲಿ ಅಂದರು. ಆದರೆ ಅದು ನಾವು ಮೊದಲ ಎಳೆ ಎಳೆದ ದಿನ. ನಾನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಹಸೆಯಲ್ಲಿ ಏನೋ ದೋಷ ಬಿದ್ದಿದೆ ಅಂತ ಮನಸ್ಸು ಹೊಡೆದುಕೊಳ್ಳುತ್ತಿದೆ. ಇದೂ ಮುರಿದರೆ ಸ್ವಪ್ನಾಳ ಮುಖ ಹೇಗೆ ನೋಡಲಿ? ತಪ್ಪು ಎಲ್ಲಿದೆ ಅಂತ ನಿನಗೆ ಕಂಡರೆ ದಯವಿಟ್ಟು ಬರೆ.

ಶ್ಯಾಮಲಾ


ಮೇಗರವಳ್ಳಿ
೫ ಏಪ್ರಿಲ್ ೨೦೨೫

ಶ್ಯಾಮಲಾ,

ಎರಡು ಕಾಗದವೂ ಸೇರಿವೆ. ಬರೆಯುವುದೋ ಬೇಡವೋ ಅಂತ ಇಷ್ಟು ದಿನ ಸುಮ್ಮನಿದ್ದೆ. ಬರೆಯದಿದ್ದರೆ ಮದುವೆ ಮುಗಿದುಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗ ಬಿದ್ದ ಸುದ್ದಿ ಓದಿದ ಮೇಲೆ ನನಗೂ ಊಟ ಸೇರಲಿಲ್ಲ.

ಆ ಚೌಕ ದೇವರ ಜಾಗವಲ್ಲ. ಅದು ಸ್ವಿಚ್ ಬೋರ್ಡು.

ಆ ಗೋಡೆ ಅಮ್ಮನದಲ್ಲ, ನನ್ನದು. ಎರಡು ವರ್ಷದ ಹಿಂದೆ ಆಗುಂಬೆ ದಾರಿಯಲ್ಲಿ ಪ್ರವಾಸಿಗರು ಉಳಿದುಕೊಳ್ಳುವ ಮನೆಯೊಂದರ ಯಜಮಾನರು ಗಣೇಶನ ಹತ್ತಿರ ಹೇಳಿ ಕರೆಸಿದರು. ಅಲ್ಲಿ ಯಾರ ಮದುವೆಯೂ ಇರಲಿಲ್ಲ, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ. ಅಮ್ಮನದು ನನ್ನ ಕೈಯಿಂದಲೂ ಮರೆತುಹೋಗುತ್ತದೋ ಅಂತ ಹೆದರಿಕೆ ಇತ್ತು. ಹೋಗಿ ಬರೆದೆ. ಸ್ವಿಚ್ ಬೋರ್ಡಿಗೂ ಅವರು ಕೆಂಪು ಬಣ್ಣ ಹೊಡೆಸಿದ್ದರು, ಅದಕ್ಕೆ ನಿಮಗೆ ಗೊತ್ತಾಗಲಿಲ್ಲ. ಎಳೆಯನ್ನು ನಾನು ಅದನ್ನು ಬಳಸಿ ತಂದೆ. ಫೋಟೋ ತೆಗೆದು ಹಾಕಿಕೊಂಡವರು ಅವರೇ. ಕೆಳಗೆ ನಿಮ್ಮ ಹೆಸರು ಹಾಕಿದ್ದೇವೆ ಅಮ್ಮಾ ಅಂತ ನನಗೆ ಫೋನಿನಲ್ಲಿ ತೋರಿಸಿದ್ದರು. ನೀನು ಮಡಿಯಾಗಲಿ ಅಂತ ಕತ್ತರಿಸಿದ ಸಾಲು ಅದೇ ಇರಬೇಕು.

ಗಂಡ ಇಲ್ಲದವಳ ಗೋಡೆ ನೋಡಿ ಮುತ್ತೈದೆಯರು ಬರೆದರೆ ದೋಷ ಉಂಟೋ ಇಲ್ಲವೋ ನನಗೆ ತಿಳಿಯದು. ವ್ರತ ನೇಮ ನೀನು ಹೆಚ್ಚು ಮಾಡಿದವಳು, ನೀನೇ ತೀರ್ಮಾನಿಸು. ಅಳಿಸುವುದಾದರೆ ಅಳಿಸು. ನಾನು ಏನೂ ಅಂದುಕೊಳ್ಳುವುದಿಲ್ಲ.

ಮೀನಾಕ್ಷಿ


ರಿಪ್ಪನ್‌ಪೇಟೆ
೧೦ ಏಪ್ರಿಲ್ ೨೦೨೫

ಅಕ್ಕಾ,

ನಿನ್ನ ಕಾಗದ ಅಡುಗೆಮನೆಯಲ್ಲಿ ನಿಂತೇ ಓದಿದೆ. ಹಾಲು ಉಕ್ಕಿ ಒಲೆ ಆರಿತು.

ಸ್ವಪ್ನಾ ಬರುವ ತನಕ ಕಾದು, ಫೋನಿನಲ್ಲಿ ಆ ಚಿತ್ರ ಮತ್ತೆ ಹುಡುಕಿ ತೆಗೆದು, "ಕೆಳಗೆ ಎಂತ ಬರ್ದಿದಾರೆ ಓದು" ಅಂದೆ. ಓದಿದಳು. "ಅಮ್ಮಾ, ಇದು ದೊಡ್ಡಮ್ಮನ ಹೆಸ್ರು" ಅಂದಳು. "ಗೊತ್ತು." "ಗೊತ್ತಿದ್ದೂ ತಿಂಗಳು ಗಟ್ಲೆ ಈ ಕಪ್ಪು ಪ್ರಿಂಟ್ ಇಟ್ಕಂಡು ಕಣ್ಣು ಹಾಳ್ ಮಾಡ್ಕಂಡ್ವಾ? ನಾ ತೀರ್ಥಳ್ಳಿಯಿಂದ ಹಂಗೇ ಬಸ್ ಹತ್ತಿ ದೊಡ್ಡಮ್ಮನ್ನೇ ಕೇಳ್ಕಂಡು ಬರ್ತಿದ್ದೆ." "ನಂಗೂ ಇವತ್ತೇ ಗೊತ್ತಾಗಿದ್ದು ಮಾರಾಯ್ತಿ." ಅವಳು ನನ್ನ ಮುಖ ನೋಡಿದಳು. ಏನು ಕಂಡಿತೋ, ಎದ್ದು ಹೋದಳು.

ಮೊದಲು ನನಗೆ ಹೊಳೆದದ್ದು ಆ ಪಿಡಿಎಫ್ ವಾಪಸ್ ತೆಗೆಯಬೇಕು ಅಂತ. ಗುಂಪಿನಲ್ಲಿ ಒತ್ತಿ ಹಿಡಿದೆ. ನನ್ನ ಫೋನಿಂದ ಹೋಗುತ್ತದಂತೆ, ಬೇರೆಯವರದರಿಂದ ಈಗ ಹೋಗುವುದಿಲ್ಲವಂತೆ, ಹೊತ್ತು ಮೀರಿದೆಯಂತೆ. ಚೈತನ್ಯಾಳಿಗೆ ಫೋನ್ ಮಾಡಿದರೆ, "ಅಯ್ಯೋ ಅಕ್ಕಾ, ನಮ್ಮನೆ ನಾದಿನಿ ಮದುವೆಗೆ ಅದ್ನೇ ಬರೆದ್ವಿ, ಎಲ್ರೂ ಹೊಗಳಿದ್ದೇ ಹೊಗಳಿದ್ದು! ಆ ಚೌಕದ ಜಾಗಕ್ಕೆ ನಾವೂ ಕುಂಕುಮ ಇಟ್ವಿ" ಅಂದಳು. ಅವಳಿಂದ ಸಾಗರದ ಕಡೆಗೂ ಹೋಗಿದೆ. ಕೆರಿಯಮ್ಮನವರ ಮನೆಯ ಫೋನಿಗೂ ಹೋಗಿದೆ. ಮಾಡಿದವಳು ನಾನೇ, ಹಿಡಿಯುವುದಕ್ಕೆ ನನ್ನ ಕೈಲಾಗುವುದಿಲ್ಲ.

ನಿನ್ನೆ ಚೌಡಮ್ಮನ ಗುಡಿಗೆ ಪ್ರಸಾದ ಕೇಳಲು ಹೋದೆ. ಅಳಿಸಬೇಕಾದರೆ ಎಡಕ್ಕೆ ಹೂ ಕೊಡು, ಇರಲಿ ಅಂದರೆ ಬಲಕ್ಕೆ ಕೊಡು ಅಂತ ಕೇಳುವುದು ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಭಟ್ಟರು, "ಏನಮ್ಮಾ, ಕೇಳ್ಕೊಳ್ಳೋದಿತ್ತಾ?" ಅಂದರು. "ಇಲ್ಲ, ಬರೀ ಮಂಗಳಾರತಿ" ಅಂದು ಬಂದುಬಿಟ್ಟೆ. ಎಡಕ್ಕೆ ಕೊಟ್ಟುಬಿಟ್ಟರೆ ಅಂತ ಭಯವಾಯಿತು.

ಗೋಡೆ ಅರ್ಧ ಆಗಿದೆ. ಮುಂದೆ ಒಂದು ಎಳೆಯನ್ನೂ ಎಳೆದಿಲ್ಲ, ಅಳಿಸಿಯೂ ಇಲ್ಲ.

ಶ್ಯಾಮಲಾ


ಮೇಗರವಳ್ಳಿ
೧೬ ಏಪ್ರಿಲ್ ೨೦೨೫

ಶ್ಯಾಮಲಾ,

ಹೆಚ್ಚು ದಿನ ಉಳಿದಿಲ್ಲ. ತಾಯಿಯನ್ನು ಕೇಳಲು ಆಗದಿದ್ದರೆ ಅಳಿಸುವುದೇ ಒಳ್ಳೆಯದು. ನಿನ್ನ ಮನಸ್ಸಿಗೆ ಅನುಮಾನ ಹೊಕ್ಕ ಮೇಲೆ ಹಸೆ ನಿಲ್ಲುವುದಿಲ್ಲ. ನೀರು ಹಾಕಿ ಉಜ್ಜಬೇಡ, ಗೋಡೆ ಎದ್ದು ಬರುತ್ತದೆ. ಕೆಮ್ಮಣ್ಣನ್ನೇ ತೆಳ್ಳಗೆ ಕಲಸಿ ಎರಡು ಸಲ ಮೇಲೆ ಬಳಿ. ಮೊದಲನೆಯದು ಪೂರಾ ಒಣಗಿದ ಮೇಲೆ ಎರಡನೆಯದು. ಆಗ ಬಿಳಿ ಮುಚ್ಚಿಹೋಗುತ್ತದೆ, ಅಲ್ಲಿ ಏನಿತ್ತು ಅಂತ ಗೊತ್ತಾಗುವುದಿಲ್ಲ.

ಸಾಗರದವರಲ್ಲಿ ಆ ಕೈ ನಡುಗುವವರನ್ನೇ ಕರೆಸು. ನಡುಗಿದರೂ ಅವರು ಮುತ್ತೈದೆ.

ಮದುವೆಯ ದಿನ ನನ್ನನ್ನು ಕಾಯಬೇಡಿ. ಗಣೇಶ, ಸೊಸೆ ಬರುತ್ತಾರೆ.

ಮೀನಾಕ್ಷಿ


ಶ್ರೀ ಚೌಡಮ್ಮ ತಾಯಿ ಕಾಪಾಡಲಿ

ರಿಪ್ಪನ್‌ಪೇಟೆ
೨೪ ಏಪ್ರಿಲ್ ೨೦೨೫

ಅಕ್ಕನಿಗೆ,

ನೀನು ಹೇಳಿದ ಹಾಗೆ ಕೆಮ್ಮಣ್ಣು ಕಲಸಿದೆ. ಬಟ್ಟೆ ಅದ್ದಿ ಗೋಡೆಯ ಮುಂದೆ ನಿಂತೆ. ಆಗ ಕೋಣಂದೂರಿನ ಚೈತನ್ಯಾಳ ನಾದಿನಿ ನೆನಪಾದಳು. ಅವಳು ನನ್ನ ಮಾತು ನಂಬಿ ಈ ಹಸೆಯ ಮುಂದೆ ಕೂತು ತಾಳಿ ಕಟ್ಟಿಸಿಕೊಂಡವಳು. ನಾನು ನನ್ನದನ್ನು ಮುಚ್ಚಿ, ಅವಳಿಗೆ ಹೇಳದೆ ಸುಮ್ಮನಿದ್ದರೆ ಆ ಪಾಪ ಯಾರಿಗೆ? ಹೇಳಿದರೆ ಎಂತಾಗುತ್ತದೋ. ಬಟ್ಟೆ ಬಕೆಟ್ಟಿಗೆ ಹಾಕಿ ಕೂತುಬಿಟ್ಟೆ.

ಆಮೇಲೆ ಆ ಐದು ಚಿತ್ರ ಹೊಸದಾಗಿ ಇಳಿಸಿಕೊಂಡೆ. ಈ ಸಲ ಏನನ್ನೂ ಕತ್ತರಿಸಲಿಲ್ಲ. ಕೊನೆಯ ಪುಟದಲ್ಲಿ ಕನ್ನಡದಲ್ಲಿ ನಾನೇ ಟೈಪ್ ಮಾಡಿದೆ: ಇದು ಮೇಗರವಳ್ಳಿಯ ನನ್ನ ಅಕ್ಕ ಮೀನಾಕ್ಷಮ್ಮ ಬರೆದ ಹಸೆ. ಭಾವ ತೀರಿಕೊಂಡ ಮೇಲೆ ಬರೆದದ್ದು. ಮೊದಲು ಕಳಿಸಿದ್ದರಲ್ಲಿ ಹೆಸರು ಬಿಟ್ಟುಹೋಗಿತ್ತು. ಎಡಗಡೆಯ ಚೌಕ ಸ್ವಿಚ್ ಬೋರ್ಡು, ಆ ಜಾಗ ಖಾಲಿ ಬಿಡುವುದು ಬೇಡ. ಅಷ್ಟು ಬರೆದು ಎಲ್ಲಾ ಗುಂಪಿಗೂ ಕಳಿಸಿ, ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಸಂಜೆ ತೆಗೆದು ನೋಡಿದರೆ ಇಬ್ಬರು ಗುಂಪು ಬಿಟ್ಟಿದ್ದರು. ಚೈತನ್ಯಾ ಒಂದೂ ಮಾತು ಬರೆದಿರಲಿಲ್ಲ.

ಇವರು, "ಎಂತಕ್ಕೆ ಬೇಕಿತ್ತೇ ನಿಂಗೆ? ಯಾರು ಕೇಳಿದ್ರು?" ಅಂದರು. ಅದು ಸರಿಯೇ. ಯಾರೂ ಕೇಳಿರಲಿಲ್ಲ.

ನಿನ್ನೆ ಬೆಳಿಗ್ಗೆ ಸಾಗರದ ಬಸ್ಸಿಗೆ ಕೆರಿಯಮ್ಮ ಒಬ್ಬರೇ ಬಂದರು. ನೀರು ಕೊಟ್ಟರೆ ಮುಟ್ಟಲಿಲ್ಲ. ನೇರ ಗೋಡೆಯ ಮುಂದೆ ಹೋಗಿ ಕನ್ನಡಕ ಹಾಕಿಕೊಂಡರು.

"ಫೋನಲ್ಲಿ ಬಂತಲ, ಅದು ಖರೇನಾ?"

"ಹೌದು ಅಮ್ಮ. ನಮ್ಮಕ್ಕಂದು."

"ಮೊದ್ಲೇ ಗೊತ್ತಿತ್ತಾ?"

"ಇಲ್ಲ. ಗೊತ್ತಾದ್ಮೇಲೆ ಹೇಳಿದ್ದೀನಿ."

"ಈ ಎಳೆ ಯಾರ್ದು? ಹಾವು ಹರಿದಂಗೆ ಐತಲೆ."

"ಅದು ನಂದು. ಅಕ್ಕಂದು ಹಂಗಿರಲ್ಲ. ದಾರ ಹಿಡ್ದಂಗೆ ಇರುತ್ತೆ."

ಅವರು ಬಗ್ಗಿ ಗೋಡೆಯ ಕೆಳಗಿನ ತನಕ ನೋಡಿದರು. ಚೌಕದ ಜಾಗದ ಕುಂಕುಮ ನೋಡಿ, "ಸ್ವಿಚ್ಚಿಗೆ ಪೂಜೆ ಮಾಡಿದ್ರಲ್ಲೇ!" ಅಂತ ಒಂದು ಸಲ ನಕ್ಕರು. ಆ ನಗು ನೋಡಿ ನನಗೆ ಜೀವ ಬಂತು ಅಂದುಕೊಳ್ಳುವಷ್ಟರಲ್ಲಿ ಮುಖ ಮತ್ತೆ ಬಿಗಿದುಕೊಂಡಿತು. "ನಾಲ್ಕು ಜನ ನಾಲ್ಕು ಥರ ಆಡ್ಕಂತಾರೆ, ಗೊತ್ತಲ?" ಅಂದರು. "ಗೊತ್ತಮ್ಮ" ಅಂದೆ. "ನಂಗೂ ಗಂಡ ಇಲ್ಲ. ನಾ ಎತ್ತಾಡ್ಸಿ ಬೆಳೆಸಿದ ಮೊಮ್ಮಗ, ನಾಳೆ ಅಕ್ಷತೆ ಹಾಕಕ್ಕೆ ನನ್ನನ್ನೇ ಹಿಂದಿನ ಸಾಲಲ್ಲಿ ನಿಲ್ಲುಸ್ತಾರೆ. ನಾನೂ ನಿಲ್ತೀನಿ." ಅಷ್ಟು ಹೇಳಿ, "ಮನೇಲಿ ಕೇಳಿ ಫೋನ್ ಮಾಡುಸ್ತೀನಿ" ಅಂದು ಹೊರಟೇ ಹೋದರು. ಬಸ್‌ಸ್ಟ್ಯಾಂಡಿನ ತನಕ ಹಿಂದೆ ಹಿಂದೆ ಹೋದೆ. ತಿರುಗಿ ನೋಡದೆ ಬಸ್ ಹತ್ತಿದರು.

ಇವತ್ತು ಈ ಹೊತ್ತಿನ ತನಕ ಫೋನ್ ಬಂದಿಲ್ಲ. ಸ್ವಪ್ನಾ ನಿರಂಜನನಿಗೆ ತಾನಾಗಿ ಮಾಡುವುದಿಲ್ಲ ಅಂತ ಕೂತಿದ್ದಾಳೆ. ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಾಳೆ.

ಆ ಫೋನ್ ಬರುವ ಮೊದಲೇ ಈ ಕಾಗದ ಮುಗಿಸಬೇಕು ಅಂತ ಬರೆಯುತ್ತಿದ್ದೇನೆ. ಅವರು ಆಗಲಿ ಅಂದ ಮೇಲೆ ನಿನ್ನನ್ನು ಕರೆದರೆ ಅದು ಅವರು ಕರೆದ ಹಾಗಾಯಿತು. ಬೇಡ ಅಂದ ಮೇಲೆ ಕರೆಯುವುದಕ್ಕೆ ನನಗೆ ಬಾಯಿ ಬರುತ್ತದೋ ಇಲ್ಲವೋ. ಆದ್ದರಿಂದ ಈಗಲೇ ಕರೆಯುತ್ತೇನೆ. ಬಾ ಅಕ್ಕ. ಬಂದು ಗೋಡೆ ಮುಗಿಸಿಕೊಡು. ನಾನು ಎಳೆದ ಸೊಟ್ಟ ಎಳೆಗಳನ್ನು ನೀನೇ ತಿದ್ದು. ಯಾರಾದರೂ ಕುಂಚಕ್ಕೆ ಕೈ ಹಾಕಿದರೆ ಈ ಸಲ ನಾನು ಅಡ್ಡ ನಿಲ್ಲುತ್ತೇನೆ.

ನನಗೆ ಧೈರ್ಯ ಬಂದಿದೆ ಅಂತ ತಿಳಿಯಬೇಡ. ದೋಷವಿಲ್ಲ ಅಂತ ತಾಯಿ ಬಂದು ನನ್ನ ಕಿವಿಯಲ್ಲಿ ಹೇಳಿಲ್ಲ. ಭಯ ಇದ್ದೇ ಇದೆ. ಭಯ ಇಟ್ಟುಕೊಂಡೇ ಕರೆಯುತ್ತ ಇದ್ದೇನೆ.

ಈ ಕಾಗದ ಅಂಚೆಗೆ ಹಾಕುವುದಿಲ್ಲ. ನಾಳೆ ಸ್ವಪ್ನಾ ರಜೆ ಹಾಕಿ ತಾನೇ ತರುತ್ತಾಳೆ. ನೀನು ಇದನ್ನು ಓದುವಾಗ ಅವಳು ನಿಮ್ಮ ಜಗಲಿಯಲ್ಲೇ ಕೂತಿರುತ್ತಾಳೆ. ಇನ್ನೊಂದು ಕಾಗದ ಬರೆದು ಅವಳ ಕೈಗೆ ಕೊಟ್ಟು ಕಳಿಸಬೇಡ. ನಡುವಿನ ಜೋಡಿಯ ಜಾಗ ಬರಿ ಕೆಂಪಗೆ ಇದೆ. ಅದನ್ನು ನೋಡುತ್ತಾ ಒಬ್ಬಳೇ ಕೂರಲು ನನಗೆ ಆಗುತ್ತಿಲ್ಲ ಅಕ್ಕ. ಬೇಗ ಬಾ.

ನಿನ್ನ ತಂಗಿ
ಶ್ಯಾಮಲಾ